ಗ್ರಂಥಾಲಯದ ದಾರಿ ಹಿಡಿದು ಹಾಡು ಹುಡುಕುವುದು ಹೇಗೆ? ದಾವಣಗೆರೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ಅಮ್ಮನಿಗೆ ಒಂದು ಹಾಡು ಬೇಕಿತ್ತು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ರೇಡಿಯೊದಲ್ಲಿ ಕೇಳಿದ ವಚನ. ನೆನಪಿದ್ದದ್ದು ನಡುವಿನ ನಾಲ್ಕು ಪದ, ಕೊನೆಯ ಅಂಕಿತ (ವಚನಕಾರರು ಕೊನೆಗೆ ಹಾಕುವ ಗುರುತಿನ ಹೆಸರು) 'ಚೆನ್ನಮಲ್ಲಿಕಾರ್ಜುನ', ಮತ್ತೆ ಹಾಡಿದವರದು ಗಂಡಸಿನ ದನಿ ಅನ್ನುವುದು. ಮೊಬೈಲಿನಲ್ಲಿದ್ದ ಹಾಡಿನ ಆ್ಯಪಿಗೆ ಆ ಪದಗಳನ್ನು ಹೇಳಿದೆ. ಅದು ಹೊಸ ಸಿನಿಮಾ ಹಾಡುಗಳನ್ನು ಸಾಲಾಗಿ ಕೊಟ್ಟಿತು. ಎರಡು ದಿನ ಹುಡುಕಿ ಬಿಟ್ಟೆ.

ದಾರಿ ಸಿಕ್ಕಿದ್ದು ಗ್ರಂಥಾಲಯದಲ್ಲಿ. ಪುಸ್ತಕ ವಾಪಸ್ ಕೊಡುವಾಗ ಸುಮ್ನೆ ಮಾತಿಗೆ ಹೇಳಿದೆ. ಕೌಂಟರಿನಲ್ಲಿದ್ದವರು, "ಮೊದ್ಲು ವಚನ ಯಾವ್ದು ಅಂತ ಗೊತ್ತು ಮಾಡ್ಕೊಳ್ಳಿ ಸಾರ್. ಆಮೇಲೆ ಯಾರ್ಯಾರು ಹಾಡಿದಾರೆ ನೋಡಿ. ಹಾಡು ತಾನಾಗೇ ಸಿಗುತ್ತೆ" ಅಂದರು. ಅವರು ಹೇಳಿದ ಕ್ರಮದಲ್ಲೇ ಹೋದೆ. ಮೂರು ವಾರದಲ್ಲಿ ಹಾಡು ಸಿಕ್ಕಿತು. ಅದರ ಜೊತೆಗೆ ನಾನು ಕೇಳಿಯೇ ಇರದ ಎಷ್ಟೋ ದನಿಗಳು ಸಿಕ್ಕವು. ಆ ಕ್ರಮವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು: ಇಲ್ಲಿ ಏನಿದೆ, ಏನಿಲ್ಲ

ಅಮೆರಿಕದಲ್ಲಿರುವ ಮಗಳೋ ಅಳಿಯನೋ ನಿಮಗೆ ಹೇಳಿರಬಹುದು: "ಇಲ್ಲಿ ಲೈಬ್ರರಿ ಕಾರ್ಡ್ ಇದ್ರೆ ಹಾಡೆಲ್ಲ ಫ್ರೀ." ಅದು ನಿಜ. ಅಲ್ಲಿನ ಎಷ್ಟೋ ಊರುಗಳ ಗ್ರಂಥಾಲಯಗಳು ಹೂಪ್ಲಾ, ಫ್ರೀಗಲ್, ನ್ಯಾಕ್ಸೋಸ್ ಮ್ಯೂಸಿಕ್ ಲೈಬ್ರರಿಯಂಥ ಸೇವೆಗಳಿಗೆ ಚಂದಾ ಕಟ್ಟುತ್ತವೆ. ಓದುಗರು ಕಾರ್ಡ್ ನಂಬರ್ ಹಾಕಿ ಉಚಿತವಾಗಿ ಹಾಡು ಕೇಳುತ್ತಾರೆ. ದುಡ್ಡು ಕೊಡುವುದು ಗ್ರಂಥಾಲಯ. ಕಾರ್ಡು ಸಾಮಾನ್ಯವಾಗಿ ಆ ಊರಲ್ಲಿ ವಾಸ ಇರುವವರಿಗೆ ಮಾತ್ರ. ದಾವಣಗೆರೆಯಲ್ಲಿ ಕೂತು ಅದನ್ನು ಪಡೆಯುವ ಅಡ್ಡದಾರಿ ಹುಡುಕಬೇಡಿ. "ಉಚಿತ ಲೈಬ್ರರಿ ಸಂಗೀತ" ಅಂತ ಹೇಳಿ ಬ್ಯಾಂಕ್ ಕಾರ್ಡಿನ ನಂಬರ್ ಕೇಳುವ ಪುಟ ಕಂಡರೆ ಅಲ್ಲೇ ಮುಚ್ಚಿಬಿಡಿ.

ನಮ್ಮಲ್ಲಿ ಇರುವುದು ಬೇರೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ನೀವು ಪ್ರತಿ ವರ್ಷ ಕಟ್ಟುವ ಮನೆ ಕಂದಾಯದ ರಸೀದಿ ನೋಡಿ. ಅದರಲ್ಲಿ ಗ್ರಂಥಾಲಯದ ಕರ ಅಂತ ಒಂದು ಸಾಲು ಇರುತ್ತದೆ. ಅಂದರೆ ಗ್ರಂಥಾಲಯಕ್ಕೆ ನಾವು ಆಗಲೇ ದುಡ್ಡು ಕೊಟ್ಟಾಗಿದೆ. ಹಾಗಾಗಿ ಸಂಕೋಚ ಬೇಡ, ಒಳಗೆ ಹೋಗಿ. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಶುರುವಾಯಿತು. ಅದರಲ್ಲಿ ಹೆಸರು, ಮೊಬೈಲ್ ನಂಬರ್ ಕೊಟ್ಟು ಉಚಿತವಾಗಿ ನೋಂದಣಿ ಮಾಡಬಹುದು. ಆದರೆ ಅದು ಮುಖ್ಯವಾಗಿ ಪುಸ್ತಕ ಮತ್ತು ಪಾಠದ ವಿಡಿಯೊಗಳ ಜಾಗ. ಹಾಡು ಕೇಳಲು ಬೇರೆ ಕಡೆ ಹೋಗಬೇಕು. ಯಾವ ಹಾಡು ಕೇಳಬೇಕು ಅನ್ನುವುದು ಮಾತ್ರ ಗ್ರಂಥಾಲಯದಲ್ಲೇ ಗೊತ್ತಾಗುತ್ತದೆ. ನನ್ನ ಅನುಭವದಲ್ಲಿ ಕಷ್ಟದ ಭಾಗ ಅದೇ.

ಹೆಜ್ಜೆ 1: ಒಂದು ನೋಟ್‌ಬುಕ್ ಹಿಡಿದು ಗ್ರಂಥಾಲಯಕ್ಕೆ ಹೋಗಿ

ದಾವಣಗೆರೆಯವರು ನಗರ ಕೇಂದ್ರ ಗ್ರಂಥಾಲಯಕ್ಕೆ, ಚಿತ್ರದುರ್ಗದವರು ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ, ಹಳ್ಳಿಯವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಬಹುದು. ಸೋಮವಾರ ಸಾಮಾನ್ಯವಾಗಿ ರಜೆ. ಕೂತು ಓದಲು ಸದಸ್ಯತ್ವ ಬೇಕಿಲ್ಲ. ಪುಸ್ತಕ ಮನೆಗೆ ಒಯ್ಯಬೇಕಾದರೆ ಅರ್ಜಿ, ವಿಳಾಸದ ದಾಖಲೆ, ಸ್ವಲ್ಪ ಠೇವಣಿ ಬೇಕಾಗುತ್ತದೆ. ಎಷ್ಟು ಅಂತ ಕೌಂಟರಿನಲ್ಲಿ ಕೇಳಿ.

ಸಂಗೀತದ ಕಪಾಟು ಎಲ್ಲಿದೆ ಅಂತ ವಿಚಾರಿಸಿ. ಡ್ಯೂಯಿ ಪದ್ಧತಿಯಲ್ಲಿ ಜೋಡಿಸಿದ ಕಡೆ ಸಂಗೀತದ ನಂಬರ್ 780. ಆದರೆ ಅಲ್ಲಿಗೇ ನಿಲ್ಲಬೇಡಿ. ಕನ್ನಡದಲ್ಲಿ ಸಂಗೀತದ ಮಾಹಿತಿ ಜಾಸ್ತಿ ಇರುವುದು ಆತ್ಮಕಥೆ ಮತ್ತು ಜೀವನಚರಿತ್ರೆಗಳಲ್ಲಿ. ನಾಟಕ ಕಂಪನಿಗಳ ಬಗ್ಗೆ ಬರೆದ ಪುಸ್ತಕಗಳು, ಜಾನಪದ ಸಂಗ್ರಹಗಳು, ಅಭಿನಂದನಾ ಗ್ರಂಥಗಳು, ಇವು ಬೇರೆ ಬೇರೆ ಕಪಾಟಿನಲ್ಲಿ ಇರುತ್ತವೆ. ಅಭಿನಂದನಾ ಗ್ರಂಥಗಳನ್ನು ಯಾರೂ ಮುಟ್ಟಿರುವುದಿಲ್ಲ. ಅವುಗಳ ಕೊನೆಯ ಪುಟಗಳಲ್ಲಿ ಎಷ್ಟೋ ಸಲ ಧ್ವನಿಮುದ್ರಿಕೆಗಳ ಪಟ್ಟಿ ಸಿಗುತ್ತದೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ.

ಓದುತ್ತಾ ಐದು ವಿಷಯ ಬರೆದುಕೊಳ್ಳಿ: ಹಾಡಿದವರ ಹೆಸರು, ಅವರ ಗುರುವಿನ ಹೆಸರು, ಅವರು ಹಿಂದೆ ಬಳಸಿದ ಬೇರೆ ಹೆಸರು ಇದ್ದರೆ ಅದು, ರೆಕಾರ್ಡ್ ಕಂಪನಿ, ವರ್ಷ. ಮೂರನೆಯದನ್ನು ಮರೆಯಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 2: ಒಂದು ಹೆಸರಿನಿಂದ ಇನ್ನೊಂದಕ್ಕೆ ಎಳೆ ಹಿಡಿಯಿರಿ

ಆ್ಯಪು ನೀವು ನಿನ್ನೆ ಕೇಳಿದ್ದಕ್ಕೆ ಹೋಲುವುದನ್ನೇ ಇವತ್ತು ಕೊಡುತ್ತದೆ. ಪುಸ್ತಕ ಹಾಗಲ್ಲ. ಅದು ಯಾರು ಯಾರ ಹತ್ತಿರ ಕಲಿತರು, ಯಾವ ಊರಿಗೆ ಹೋದರು, ಯಾವ ಕಂಪನಿಯಲ್ಲಿ ಪಾತ್ರ ಮಾಡಿದರು ಅಂತ ಹೇಳುತ್ತದೆ. ಆ ಸಂಬಂಧವೇ ಹೊಸ ಹಾಡಿಗೆ ದಾರಿ.

ಒಂದು ಉದಾಹರಣೆ ನೋಡೋಣ. ಧಾರವಾಡ ಹತ್ತಿರದ ಮನ್ಸೂರಿನಲ್ಲಿ 1910ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಹುಡುಗರಾಗಿದ್ದಾಗ ನಾಟಕ ಕಂಪನಿಯಲ್ಲಿದ್ದರು. ಮಿರಜಿನ ನೀಲಕಂಠಬುವಾ ಅವರ ಹತ್ತಿರ ಕಲಿತರು. ಆಮೇಲೆ ಮಂಜಿ ಖಾನ್, ಬುರ್ಜಿ ಖಾನ್ ಅವರ ಶಿಷ್ಯರಾದರು. ಆ ಇಬ್ಬರೂ ಅಲ್ಲಾದಿಯಾ ಖಾನರ ಮಕ್ಕಳು. ಅಲ್ಲಾದಿಯಾ ಖಾನರ ಇನ್ನಿಬ್ಬರು ಶಿಷ್ಯೆಯರು ಕೇಸರಬಾಯಿ ಕೇರ್ಕರ್ ಮತ್ತು ಮೋಗುಬಾಯಿ ಕುರ್ಡೀಕರ್. 1977ರಲ್ಲಿ ಬಾಹ್ಯಾಕಾಶಕ್ಕೆ ಹೋದ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ, ಅಂದರೆ ಗ್ರಾಮಫೋನ್ ರೆಕಾರ್ಡಿನಲ್ಲಿ, ಭಾರತದಿಂದ ಇರುವ ಹಾಡು ಕೇಸರಬಾಯಿಯವರದು. ಅಮ್ಮ ಕೇಳಿದ ದನಿ ಮನ್ಸೂರರದೇ ಇರಬಹುದು ಅಂತ ಅವರ ವಚನ ಹುಡುಕುತ್ತಾ ಹೊರಟ ನನಗೆ ಎರಡನೇ ವಾರಕ್ಕೆ ಕೇಸರಬಾಯಿಯವರ ಭೈರವಿ ಸಿಕ್ಕಿತು. ಆ ರಾತ್ರಿ ಅದನ್ನೇ ನಾಲ್ಕು ಸಲ ಕೇಳಿದೆ.

ನಮ್ಮ ಕಡೆಯವರಿಗೆ ಗದುಗಿನ ಎಳೆಯೂ ಹತ್ತಿರದ್ದು. ಪಂಚಾಕ್ಷರಿ ಗವಾಯಿಗಳಿಂದ ಶುರು ಮಾಡಿ. ಅಲ್ಲಿಂದ ಪುಟ್ಟರಾಜ ಗವಾಯಿಗಳು, ಬಸವರಾಜ ರಾಜಗುರು. ಇನ್ನೊಂದು ಎಳೆ ದಾವಣಗೆರೆಯದ್ದೇ ಆದ ವೃತ್ತಿ ರಂಗಭೂಮಿಯದು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕ ನೋಡಿದವರು ಈಗಲೂ ನಮ್ಮ ಓಣಿಗಳಲ್ಲಿ ಇದ್ದಾರೆ. ಯಾವ ಹಾಡಿಗೆ ಒನ್ಸ್ ಮೋರ್ ಬೀಳುತ್ತಿತ್ತು ಅಂತ ಅವರನ್ನೇ ಕೇಳಿ. ಆ ಪಟ್ಟಿ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಹೆಜ್ಜೆ 3: ಅಂಕಿತ ಹಿಡಿದು ಹುಡುಕಿ

ಹಾಡಿನ ಪದ ಅರ್ಧ ನೆನಪಿದೆ, ಹಾಡು ಯಾವುದು ಅಂತ ಗೊತ್ತಿಲ್ಲ. ಇದು ಎಲ್ಲರಿಗೂ ಆಗುವ ತೊಂದರೆ ಅಲ್ವಾ? ಕನ್ನಡದಲ್ಲಿ ಇದಕ್ಕೆ ಎಂಟು ನೂರು ವರ್ಷ ಹಳೆಯ ಉಪಾಯ ಇದೆ. ಅದು ಅಂಕಿತ. ಕೂಡಲಸಂಗಮದೇವ ಅಂತ ಬಂದರೆ ಬಸವಣ್ಣ, ಗುಹೇಶ್ವರ ಅಂತ ಬಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂತ ಬಂದರೆ ಅಕ್ಕ. ಪುರಂದರ ವಿಠಲ, ಕಾಗಿನೆಲೆಯಾದಿಕೇಶವ ನಿಮಗೆ ಗೊತ್ತೇ ಇವೆ. ತತ್ವಪದದಲ್ಲಿ ಶಿಶುನಾಳಧೀಶ ಅಂತ ಬಂದರೆ ಷರೀಫರು.

ಅಂಕಿತ ಗೊತ್ತಾದರೆ ಕವಿ ಯಾರು ಅಂತ ಗೊತ್ತಾಯಿತು. ನೆನಪಿರುವ ಒಂದೆರಡು ಪದಗಳನ್ನು 'ವಚನ ಸಂಚಯ' ಎಂಬ ಜಾಲತಾಣದಲ್ಲಿ ಕನ್ನಡದಲ್ಲೇ ಹಾಕಿ. ಆ ಪದ ಬರುವ ವಚನಗಳ ಪಟ್ಟಿ ಕೊಡುತ್ತದೆ. ಅದರಲ್ಲಿ ನಿಮ್ಮದು ಯಾವುದು ಅಂತ ನೋಡಿ, ಮೊದಲ ಸಾಲನ್ನು ಬರೆದುಕೊಳ್ಳಿ. ಇದು ತುಂಬಾ ಮುಖ್ಯ. ಯಾಕಂದರೆ ರೆಕಾರ್ಡಿನ ಮೇಲೆ ಅಚ್ಚಾಗಿರುವುದು ಮೊದಲ ಸಾಲು. ಅಮ್ಮನಿಗೆ ನೆನಪಿದ್ದದ್ದು ನಡುವಿನ ಸಾಲು. ನಾನು ಎರಡು ದಿನ ಸೋತದ್ದು ಇದೇ ಕಾರಣಕ್ಕೆ.

ಹೆಜ್ಜೆ 4: ಇಂಟರ್ನೆಟ್ ಆರ್ಕೈವಿನಲ್ಲಿ ಇಳಿಯಿರಿ

ಈಗ ಕೇಳುವ ಜಾಗಕ್ಕೆ ಬಂದೆವು. ಇಂಟರ್ನೆಟ್ ಆರ್ಕೈವ್ 1996ರಲ್ಲಿ ಶುರುವಾದ ಡಿಜಿಟಲ್ ಗ್ರಂಥಾಲಯ. ಲಾಭಕ್ಕೆ ನಡೆಯುವಂಥದ್ದಲ್ಲ, ಜಾಹೀರಾತಿಲ್ಲ. ಖಾತೆ ಇಲ್ಲದೆಯೂ ಕೇಳಬಹುದು. ಇಷ್ಟವಾದದ್ದನ್ನು ಗುರುತು ಹಾಕಿ ಇಟ್ಟುಕೊಳ್ಳಬೇಕಾದರೆ ಇಮೇಲ್ ಕೊಟ್ಟು ಉಚಿತ ಖಾತೆ ಮಾಡಿಕೊಳ್ಳಿ.

ಹುಡುಕುವ ಪೆಟ್ಟಿಗೆಯಲ್ಲಿ ಹೆಸರು ಹಾಕಿ. ಫಲಿತಾಂಶದ ಪುಟದಲ್ಲಿ ಸೋಸುವ ಪಟ್ಟಿ ಇರುತ್ತದೆ: ಮಾಧ್ಯಮ, ವರ್ಷ, ವಿಷಯ, ಭಾಷೆ. ಅದರಲ್ಲಿ 'ಆಡಿಯೊ' ಆರಿಸಿ. ಇಲ್ಲದಿದ್ದರೆ ಪುಸ್ತಕಗಳ ರಾಶಿಯಲ್ಲಿ ಹಾಡು ಮುಳುಗಿ ಹೋಗುತ್ತದೆ. ಭಾಷೆಯಲ್ಲಿ 'ಕನ್ನಡ' ಅಂತಲೂ ಆರಿಸಬಹುದು, ಆದರೆ ಅದನ್ನೇ ನಂಬಬೇಡಿ. ಹಾಡು ಹಾಕಿದವರು ಎಷ್ಟೋ ಸಲ ಭಾಷೆಯ ಜಾಗ ಖಾಲಿ ಬಿಟ್ಟಿರುತ್ತಾರೆ.

ಹೆಸರಿನ ಕಾಗುಣಿತದ ವಿಷಯದಲ್ಲಿ ತಾಳ್ಮೆ ಬೇಕು. ಅಲ್ಲಿನ ವಿವರ ಬಹುಪಾಲು ಇಂಗ್ಲಿಷ್ ಅಕ್ಷರದಲ್ಲಿದೆ. ಗಂಗೂಬಾಯಿ ಅನ್ನುವುದನ್ನು ಒಬ್ಬರು ಒಂದು 'ಯು' ಹಾಕಿ ಬರೆದರೆ ಇನ್ನೊಬ್ಬರು ಎರಡು 'ಓ' ಹಾಕಿ ಬರೆದಿರುತ್ತಾರೆ. ಮನ್ಸೂರ್ ಕೂಡ ಹಾಗೇ. ಮೂರು ನಾಲ್ಕು ರೀತಿಯಲ್ಲಿ ಹಾಕಿ ನೋಡಿ, ಆಮೇಲೆ ಕನ್ನಡ ಲಿಪಿಯಲ್ಲೂ ಹಾಕಿ ನೋಡಿ. ಊರಿನ ಹೆಸರು ಇದ್ದರೆ ಹಳೆಯದನ್ನೇ ಬಳಸಿ: ಬ್ಯಾಂಗಲೋರ್, ಮೈಸೋರ್, ಹುಬ್ಲಿ, ಬಿಜಾಪುರ್.

ನನಗೆ ಅತಿ ಹೆಚ್ಚು ಫಲ ಕೊಟ್ಟ ಪದ 'ಕೆನರೀಸ್'. ಬ್ರಿಟಿಷರ ಕಾಲದಲ್ಲಿ ಕನ್ನಡವನ್ನು ಇಂಗ್ಲಿಷಿನಲ್ಲಿ ಹಾಗೇ ಕರೆಯುತ್ತಿದ್ದರು. ಹಳೆಯ ರೆಕಾರ್ಡುಗಳ ಲೇಬಲ್ಲಿನ ಮೇಲೂ ಹಾಗೇ ಅಚ್ಚಾಗಿದೆ. 'ಕೆ' ಅಕ್ಷರದಿಂದ ಒಮ್ಮೆ, 'ಸಿ' ಅಕ್ಷರದಿಂದ ಒಮ್ಮೆ ಹುಡುಕಿ.

ಈಗ ಆ ಬೇರೆ ಹೆಸರಿನ ಮಾತು. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಕೊಟ್ಟ ಮೊದಮೊದಲ ರೆಕಾರ್ಡುಗಳು ಬಂದದ್ದು 'ಗಾಂಧಾರಿ' ಅನ್ನುವ ಹೆಸರಿನಲ್ಲಿ, ಜೊತೆಗೆ ಹುಬ್ಬಳ್ಳಿ ಅಂತ ಸೇರಿಸಿ. ಗಂಗೂಬಾಯಿ ಅಂತ ಹುಡುಕಿದರೆ ನಂತರದ ವರ್ಷಗಳ ಆ ಗಟ್ಟಿ, ಗಂಡುದನಿಯ ಹಾಡು ಸಿಗುತ್ತದೆ. ಗಾಂಧಾರಿ ಅಂತ ಹುಡುಕಿದರೆ ಇಪ್ಪತ್ತರ ಹರೆಯದ ತೆಳು ದನಿ ಸಿಗುತ್ತದೆ. ಒಬ್ಬರೇ ಅಂತ ನಂಬುವುದು ಕಷ್ಟ. ಇದು ನನಗೆ ಗೊತ್ತಾದದ್ದು ಗ್ರಂಥಾಲಯದ ಪುಸ್ತಕದಿಂದ. ಹುಡುಕುವ ಯಂತ್ರ ತಾನಾಗಿ ಹೇಳುತ್ತಿರಲಿಲ್ಲ.

ಒಂದು ಹಾಡು ಸಿಕ್ಕಿತು ಅಂದುಕೊಳ್ಳಿ. ಕೇಳಿ ಸುಮ್ಮನಾಗಬೇಡಿ. ಆ ಪುಟದಲ್ಲಿ ಅದನ್ನು ಹಾಕಿದವರ ಹೆಸರು ಇರುತ್ತದೆ. ಅದನ್ನು ಒತ್ತಿ. ಹಳೆಯ ತಟ್ಟೆಗಳನ್ನು ಪ್ರೀತಿಯಿಂದ ಕೂಡಿಟ್ಟವರು ಒಂದೇ ಒಂದು ಹಾಡು ಹಾಕಿರುವುದು ಕಡಿಮೆ. ಅವರ ಇಡೀ ಸಂಗ್ರಹ ನಿಮ್ಮೆದುರು ಬರುತ್ತದೆ. ಅಮ್ಮನ ವಚನ ನನಗೆ ಸಿಕ್ಕಿದ್ದು ಹೀಗೆ. ನೇರವಾಗಿ ಹುಡುಕಿದಾಗ ಬಂದಿರಲಿಲ್ಲ, ಮೊದಲ ಸಾಲಿನ ಕಾಗುಣಿತ ಬೇರೆ ಇತ್ತು. ಮನ್ಸೂರರ ಇನ್ನೊಂದು ಹಾಡು ಹಾಕಿದವರ ಸಂಗ್ರಹದಲ್ಲಿ ಅದು ಕೂತಿತ್ತು.

78 ತಟ್ಟೆಯ ಹಾಡು ಕೇಳುವುದು ಹೇಗೆ

ಮೊದಲ ಸಲ ಕೇಳುವವರು ಕರಕರ ಸದ್ದಿಗೆ ಹೆದರಿ ನಿಲ್ಲಿಸುತ್ತಾರೆ. ಅರ್ಧ ನಿಮಿಷ ತಡೆಯಿರಿ. ಕಿವಿ ಆ ಸದ್ದನ್ನು ಬದಿಗೆ ಸರಿಸಿ ದನಿಯನ್ನು ಹಿಡಿದುಕೊಳ್ಳುತ್ತದೆ. ಫೋನಿನ ಸ್ಪೀಕರಿಗಿಂತ ಇಯರ್‌ಫೋನ್ ವಾಸಿ.

ಹತ್ತು ಇಂಚಿನ ಆ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಕಛೇರಿಯಲ್ಲಿ ಒಂದು ಗಂಟೆ ಹಾಡುವ ರಾಗವನ್ನು ಹಾಡುಗಾರರು ಮೂರು ನಿಮಿಷಕ್ಕೆ ಇಳಿಸಬೇಕಿತ್ತು. ಹಾಗಾಗಿ ಶಾಸ್ತ್ರೀಯ ಸಂಗೀತ ಗೊತ್ತಿಲ್ಲದವರು ಇಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಒಂದು ಗಂಟೆಯ ಕಛೇರಿಗೆ ಕೂರಲು ತಾಳ್ಮೆ ಸಾಲದಿರಬಹುದು. ಮೂರು ನಿಮಿಷ ಯಾರು ಬೇಕಾದರೂ ಕೂರಬಹುದು.

ಕೆಲವು ತೀರಾ ಹಳೆಯ ರೆಕಾರ್ಡುಗಳ ಕೊನೆಯಲ್ಲಿ ಹಾಡುಗಾರರು ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಾರೆ. 1902ರಲ್ಲಿ ಕಲ್ಕತ್ತಾದಲ್ಲಿ ಹಾಡಿದ ಗೌಹರ್ ಜಾನ್ ಹೀಗೆ ಹೇಳಿದ್ದು ಹೆಸರುವಾಸಿ. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡು ಅಂತ ಅಲ್ಲಿನವರಿಗೆ ಗೊತ್ತಾಗಲಿ ಅಂತ ಈ ಏರ್ಪಾಡು. ಆಕೆ ಕೊನೆಯ ದಿನಗಳಲ್ಲಿ ಮೈಸೂರಿನಲ್ಲಿದ್ದು 1930ರಲ್ಲಿ ಅಲ್ಲೇ ತೀರಿಕೊಂಡರು. ಹಾಡು ಮುಗಿದ ಕೂಡಲೇ ಮುಂದಕ್ಕೆ ಓಡಿಸದೆ ಕೊನೆತನಕ ಕೇಳಿ.

ಹೆಜ್ಜೆ 5: ಇನ್ನೂ ಕೆಲವು ಬಾಗಿಲು

ನ್ಯಾಷನಲ್ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಖರಗ್‌ಪುರದ ಐಐಟಿ ನಡೆಸುವ ಉಚಿತ ಗ್ರಂಥಾಲಯ. ಹುಡುಕಿದ ಮೇಲೆ ಆಡಿಯೊ ಅಂತ ಸೋಸಿ. ಅದು ಬೇರೆ ಸಂಸ್ಥೆಗಳ ಸಂಗ್ರಹಕ್ಕೆ ದಾರಿ ತೋರಿಸುವ ಸೂಚಿ. ಕೆಲವು ಕೊಂಡಿಗಳು ತೆರೆಯದೆ ಹೋಗಬಹುದು, ಬೇಸರ ಬೇಡ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2011ರಲ್ಲಿ 'ನ್ಯಾಷನಲ್ ಜೂಕ್‌ಬಾಕ್ಸ್' ತೆರೆಯಿತು. 1901ರಿಂದ 1925ರವರೆಗಿನ ವಿಕ್ಟರ್ ಕಂಪನಿಯ ಹತ್ತು ಸಾವಿರಕ್ಕೂ ಹೆಚ್ಚು ರೆಕಾರ್ಡುಗಳು ಅಲ್ಲಿವೆ. ಕನ್ನಡ ಸಿಗುವುದಿಲ್ಲ. ನಮ್ಮಲ್ಲಿ ಗೌಹರ್ ಜಾನ್ ಹಾಡುತ್ತಿದ್ದ ಕಾಲದಲ್ಲೇ ಬೇರೆ ದೇಶದಲ್ಲಿ ಏನು ಹಾಡುತ್ತಿದ್ದರು ಅಂತ ಕೇಳಲು ಒಳ್ಳೆಯ ಜಾಗ.

ಆಕಾಶವಾಣಿಯನ್ನೂ ಈ ಸಾಲಿಗೇ ಸೇರಿಸುತ್ತೇನೆ. ನ್ಯೂಸ್ ಆನ್ ಏರ್ ಆ್ಯಪಿನಲ್ಲಿ ಊರೂರಿನ ಆಕಾಶವಾಣಿ ಕೇಂದ್ರಗಳನ್ನು ನೇರವಾಗಿ ಕೇಳಬಹುದು. 2016ರ ಜನವರಿ 26ರಂದು ಬೆಂಗಳೂರಿನಿಂದ ಶುರುವಾದ 'ರಾಗಂ' ದಿನದ 24 ಗಂಟೆಯೂ ಶಾಸ್ತ್ರೀಯ ಸಂಗೀತ ಕೊಡುತ್ತದೆ, ಹಿಂದೂಸ್ತಾನಿ ಮತ್ತು ಕರ್ನಾಟಕ ಎರಡೂ. ನಾವು ನಡುನಾಡಿನವರು. ಒಂದು ಕಿವಿ ಧಾರವಾಡದ ಕಡೆ, ಇನ್ನೊಂದು ಮೈಸೂರಿನ ಕಡೆ. ನಮಗೆ ಹೇಳಿ ಮಾಡಿಸಿದ ಹಾಗಿದೆ. ಬೆಳಿಗ್ಗೆ ಕುಂದವಾಡ ಕೆರೆ ಸುತ್ತುವಾಗ ಹಚ್ಚಿಕೊಳ್ಳಿ. ಹಾಡುವವರ ಹೆಸರು ಹೇಳಿದ ಕೂಡಲೇ ಫೋನಿನಲ್ಲಿ ಬರೆದಿಡಿ, ಅದು ಗ್ರಂಥಾಲಯದ ಮುಂದಿನ ಭೇಟಿಗೆ ಎಳೆ.

ಹೆಜ್ಜೆ 6: ಡೇಟಾ ಎಷ್ಟು ಹೋಗುತ್ತದೆ?

ಲೆಕ್ಕ ಸುಲಭ. 128 ಕೆಬಿಪಿಎಸ್ ಗುಣಮಟ್ಟದ ಎಂಪಿ3 ಒಂದು ಗಂಟೆಗೆ ಸುಮಾರು 58 ಎಂಬಿ ತಿನ್ನುತ್ತದೆ. ಮೂರು ನಿಮಿಷದ ಒಂದು ಹಳೇ ಹಾಡಿಗೆ 3 ಎಂಬಿಯೂ ಬೇಡ. ಆರ್ಕೈವಿನ ಪುಟದಲ್ಲಿ ಇಳಿಸಿಕೊಳ್ಳುವ ಆಯ್ಕೆಗಳು ಇರುತ್ತವೆ. ಎಂಪಿ3 ಸಾಕು, ಫ್ಲ್ಯಾಕ್ ಕಡತ ತುಂಬಾ ದೊಡ್ಡದು. ಮನೆಯಲ್ಲಿ ಹಿರಿಯರು ಮತ್ತೆ ಮತ್ತೆ ಕೇಳುವ ಹಾಡನ್ನು ಒಮ್ಮೆ ಇಳಿಸಿ ಅವರ ಫೋನಿಗೇ ಹಾಕಿಕೊಡಿ. ನಿಮ್ಮ ಗ್ರಂಥಾಲಯದಲ್ಲಿ ಕಂಪ್ಯೂಟರ್ ಇದ್ದರೆ ಹುಡುಕುವ ಕೆಲಸವನ್ನು ಅಲ್ಲೇ ಮಾಡಿ. ದೊಡ್ಡ ಪರದೆಯಲ್ಲಿ ಪಟ್ಟಿ ನೋಡುವುದು ಹಗುರ. ಇಯರ್‌ಫೋನ್ ಮರೆಯಬೇಡಿ, ಪಕ್ಕದಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ.

ಹೆಜ್ಜೆ 7: ಹಕ್ಕಿನ ವಿಷಯ

ಆರ್ಕೈವಿನಲ್ಲಿ ಯಾರು ಬೇಕಾದರೂ ಹಾಡು ಹಾಕಬಹುದು. ಅಲ್ಲಿದೆ ಅಂದ ಮಾತ್ರಕ್ಕೆ ಎಲ್ಲವೂ ಮುಕ್ತ ಅಂತಲ್ಲ. ಭಾರತದ ಕಾನೂನಿನ ಪ್ರಕಾರ ಧ್ವನಿಮುದ್ರಿಕೆಗೆ ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ರಕ್ಷಣೆ ಇದೆ. 1935ರಲ್ಲಿ ಬಂದ ರೆಕಾರ್ಡು ಯಾವಾಗಲೋ ಮುಕ್ತವಾಗಿದೆ. ಸಾಹಿತ್ಯಕ್ಕೆ ಲೆಕ್ಕ ಬೇರೆ: ಕವಿ ತೀರಿಕೊಂಡ ಮೇಲೆ 60 ವರ್ಷ. ವಚನ, ಕೀರ್ತನೆಗೆ ಈ ಪ್ರಶ್ನೆ ಇಲ್ಲ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ ಅವರ ಕವಿತೆಗೆ 2041ರ ಕೊನೆಯವರೆಗೆ ಹಕ್ಕು ಇದೆ. ಹಳೆಯದನ್ನು ಧೈರ್ಯವಾಗಿ ಕೇಳಿ. ಹೊಸದನ್ನು ಹಾಡಿದವರಿಗೆ ದುಡ್ಡು ಹೋಗುವ ಕಡೆ ಕೇಳಿ. ಬೇರೆಯವರ ಹಾಡನ್ನು ನಿಮ್ಮ ಹೆಸರಲ್ಲಿ ಎಲ್ಲೂ ಹಾಕಬೇಡಿ.

ಹೆಜ್ಜೆ 8: ಸಿಗದ ಹಾಡನ್ನು ನೀವೇ ಉಳಿಸಿ

ನಮ್ಮ ಕಡೆಯ ಎಷ್ಟೋ ಹಾಡುಗಳು ತಟ್ಟೆಗೆ ಏರಲೇ ಇಲ್ಲ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಹಾಡುಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. ಅವರ ಹಾಡುಗಳನ್ನು ಕೇಳಿ ಬರೆದುಕೊಂಡವರು ಇದ್ದದ್ದರಿಂದ ಅಷ್ಟಾದರೂ ಉಳಿಯಿತು. ನಿಮ್ಮ ಮನೆಯ ಅಜ್ಜಿಗೆ ಬೀಸುವ ಕಲ್ಲಿನ ಪದ, ಸೋಬಾನೆ ಪದ, ಜುಂಜಪ್ಪನ ಹಾಡು ಬರುತ್ತಿದ್ದರೆ ಹಬ್ಬದ ತನಕ ಕಾಯಬೇಡಿ.

ಫ್ಯಾನ್ ಆರಿಸಿ. ಫೋನನ್ನು ಅವರ ಬಾಯಿಂದ ಒಂದು ಗೇಣು ದೂರ ಬಟ್ಟೆಯ ಮೇಲೆ ಇಡಿ. ಮೊದಲು ಅವರಿಂದಲೇ ಹೆಸರು, ಊರು, ಯಾರಿಂದ ಕಲಿತದ್ದು ಅಂತ ಹೇಳಿಸಿ. ಹಳೆಯ ತಟ್ಟೆಯಲ್ಲಿ ಹೆಸರು ಕೂಗುತ್ತಿದ್ದರಲ್ಲ, ಹಾಗೇ. ಆಮೇಲೆ ಹಾಡಿಸಿ. ಕಡತಕ್ಕೆ ತಾರೀಖು, ಊರು, ಹಾಡಿನ ಮೊದಲ ಸಾಲು ಸೇರಿಸಿ ಹೆಸರಿಡಿ. ಬೇರೆಯವರಿಗೆ ಕೇಳಿಸಬಹುದಾ ಅಂತ ಅವರನ್ನು ಕೇಳಿ. ಒಪ್ಪಿದರೆ ಒಂದು ಪ್ರತಿಯನ್ನು ಆರ್ಕೈವಿಗೆ ಹಾಕಿ, ಇನ್ನೊಂದನ್ನು ಪೆನ್‌ಡ್ರೈವಿನಲ್ಲಿ ಹಾಕಿ ಊರಿನ ಅರಿವು ಕೇಂದ್ರದವರಿಗೆ ಕೊಡಲು ವಿಚಾರಿಸಿ. ಭಾಷೆಯ ಜಾಗದಲ್ಲಿ 'ಕನ್ನಡ' ಅಂತ ತುಂಬುವುದನ್ನು ಮರೆಯಬೇಡಿ.

ಅಮ್ಮ ಈಗ ತನ್ನ ವಚನವನ್ನು ರೊಟ್ಟಿ ತಟ್ಟುವಾಗ ಹಚ್ಚಿಕೊಳ್ಳುತ್ತಾಳೆ. ಜೊತೆಗೆ ತಾನೂ ಹಾಡುತ್ತಾಳೆ. ಮೂರನೇ ಸಾಲಿನಲ್ಲಿ ಅವಳ ಮಟ್ಟು ರೆಕಾರ್ಡಿನ ಮಟ್ಟಿಗಿಂತ ಬೇರೆ, ಅದು ನನ್ನ ಅಜ್ಜಿಯಿಂದ ಬಂದದ್ದಂತೆ. ಅದನ್ನೂ ರೆಕಾರ್ಡ್ ಮಾಡಿದ್ದೇನೆ. ಹಿಂದೆ ರೊಟ್ಟಿ ತಟ್ಟುವ ಸದ್ದು ಕೇಳಿಸುತ್ತದೆ. ಅದನ್ನು ತೆಗೆದಿಲ್ಲ.